ಬೆಳಿಗ್ಗೆ ಹತ್ತು ಗಂಟೆಯ ಸಂಜೆ

ಸೂರ್ಯನಿಗೆ ನಿಯತ್ತಿಲ್ಲ ಎಂದು ತೇಪೆ ಆಗಾಗ ಬೈಯುವುದುಂಟು. ಬೆಳಿಗ್ಗೆ ಒಂದು ಬಣ್ಣ, ಮಧ್ಯಾಹ್ನ ಇನ್ನೊಂದು, ಮೋಡ ಅಡ್ಡ ಬಂದರೆ ಮತ್ತೊಂದು, ಸಂಜೆಯದಂತೂ ಕೇಳುವುದೇ ಬೇಡ. ನಮ್ಮ ಕಣ್ಣು ದೊಡ್ಡ ಮನಸ್ಸಿನದು, ಇದನ್ನೆಲ್ಲ ಹೊಟ್ಟೆಗೆ ಹಾಕಿಕೊಂಡು ಬಿಳಿ ಅಂಗಿಯನ್ನು ಯಾವ ಹೊತ್ತಿನಲ್ಲೂ ಬಿಳಿ ಎಂದೇ ತಿಳಿಯುತ್ತದೆ. ಕ್ಯಾಮೆರಾಕ್ಕೆ ಆ ದಾಕ್ಷಿಣ್ಯವಿಲ್ಲ. ಒಂದೇ ಅಂಗಿಯನ್ನು ಬೆಳಿಗ್ಗೆ ಹಳದಿ, ಮಧ್ಯಾಹ್ನ ಬಿಳಿ, ಮೋಡ ಕವಿದಾಗ ನೀಲಿ, ಸಂಜೆ ಕಿತ್ತಳೆ ಎಂದು ಬರೆದುಕೊಂಡು ಬಂದು ತೇಪೆಯ ಮೇಜಿನ ಮೇಲೆ ಸುರಿಯುತ್ತದೆ. ಅವನ್ನೆಲ್ಲ ತಿದ್ದಿ, ಇಡೀ ವಿಡಿಯೊ ಒಂದೇ ಹೊತ್ತಿನಲ್ಲಿ ತೆಗೆದದ್ದು ಎಂಬಂತೆ ಮಾಡುವುದು ಅವನ ಕಸುಬು. ಊರಿನ ಕ್ಯಾಮೆರಾದವರು ಮಾಡಿದ ಎಡವಟ್ಟುಗಳಿಗೆಲ್ಲ ತೇಪೆ ಹಾಕುವವನಾದ್ದರಿಂದ ಆ ಹೆಸರು ಅಂಟಿಕೊಂಡಿತು. ಅಮ್ಮ ಇಟ್ಟ ಹೆಸರು ಈಗ ಬ್ಯಾಂಕಿನವರಿಗೆ ಮಾತ್ರ ಗೊತ್ತು.

ಅವನ ಕೋಣೆ ಜೆರಾಕ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿದೆ. ಗೋಡೆಗೆ ಬೂದು ಬಣ್ಣ, ಕಿಟಕಿಗೆ ಕಪ್ಪು ಬಟ್ಟೆ, ತೊಡುವ ಅಂಗಿಯೂ ಬೂದು. ಕೆಂಪು ಅಂಗಿಯವರು ಬೆನ್ನ ಹಿಂದೆ ನಿಂತರೆ ಪರದೆಯ ಮೇಲೆ ಅದರ ಛಾಯೆ ಬಿದ್ದು ಕಣ್ಣು ಮೋಸ ಹೋಗುತ್ತದೆ ಎಂದು ಅವನ ವಾದ. ದಿನವಿಡೀ ಬಿಸಿಲು ತಿದ್ದುವ ಮನುಷ್ಯನ ಕೋಣೆಯೊಳಗೆ ಒಂದೆಳೆ ಬಿಸಿಲು ಬರುವುದಿಲ್ಲ. ಒಮ್ಮೆ ಬಂದಿದ್ದ ಅಕ್ಕ ಬಾಗಿಲಲ್ಲೇ ನಿಂತು, "ಇದೇನೋ, ಕರೆಂಟ್ ಹೋಗಿದೆಯಾ, ಇಲ್ಲ ನಿನ್ನ ಸ್ಥಿತಿಯೇ ಹೀಗಾ?" ಎಂದು ಕೇಳಿದ್ದಳು.

ಆ ಅಕ್ಕನಿಂದಲೇ ಈ ಕತೆ. ಅವನಿಗಿಂತ ಹನ್ನೊಂದು ವರ್ಷ ದೊಡ್ಡವಳು, ಅವನನ್ನು ಸೊಂಟದ ಮೇಲೆ ಹೊತ್ತು ಓಡಾಡಿದವಳು, ಕೈ ಹಿಡಿದು ಅಕ್ಷರ ತಿದ್ದಿಸಿದವಳು. ಪ್ರಾಥಮಿಕ ಶಾಲೆಯಲ್ಲಿ ಟೀಚರು, ಹತ್ತೊಂಬತ್ತು ವರ್ಷದ ಸರ್ವಿಸು. ಹಿಂದಿನ ಭಾನುವಾರ ಫೋನು ಮಾಡಿ ಅವಳು ಒಂದು ನೋಟಿಸನ್ನು ಅವನಿಗೆ ಪೂರ್ತಿ ಓದಿ ಹೇಳಿದ್ದಳು. ಹೆದ್ದಾರಿಯ ಬದಿಯ ಹೊಸ ಬಸ್ ತಂಗುದಾಣದ ಉದ್ಘಾಟನೆಗೆ ಚಪ್ಪಾಳೆ ತಟ್ಟಲೆಂದು ಅವಳ ಶಾಲೆಯ ಅರವತ್ತೆರಡು ಮಕ್ಕಳನ್ನು ಕರೆಸಿದ್ದರು. ಕಾರ್ಯಕ್ರಮ ಬೆಳಿಗ್ಗೆ ಹತ್ತಕ್ಕೆ. ಹತ್ತಾಯಿತು, ಹನ್ನೆರಡಾಯಿತು, ಒಂದಾಯಿತು. ಉದ್ಘಾಟಿಸಬೇಕಾದ ದೊಡ್ಡವರು ಬರಲಿಲ್ಲ. ಆ ರಸ್ತೆಯಲ್ಲಿ ಒಂದು ಮರವಿಲ್ಲ. ನೆರಳು ಅಂತ ಇದ್ದದ್ದು ತಂಗುದಾಣದ ಒಳಗೆ ಮಾತ್ರ, ಅದರ ಮುಂದೆ ಕೆಂಪು ರಿಬ್ಬನ್ನು. ನೆರಳು ಕೊಡಲೆಂದೇ ಕಟ್ಟಿದ ಸೂರಿನ ಎದುರು ಅರವತ್ತೆರಡು ಮಕ್ಕಳು ನಾಲ್ಕು ಗಂಟೆ ಬಿಸಿಲಲ್ಲಿ ಬೆಂದವು. ಸರಿಯಾಗಿ ಎರಡು ಗಂಟೆಗೆ ಅಕ್ಕ ರಿಬ್ಬನ್ನನ್ನು ಒಂದು ಕೈಯಲ್ಲಿ ಮೇಲೆತ್ತಿ ಹಿಡಿದು, ಮಕ್ಕಳನ್ನೆಲ್ಲ ಅದರ ಕೆಳಗಿನಿಂದ ಒಳಗೆ ನುಗ್ಗಿಸಿ ಕೂರಿಸಿದಳು. ದೊಡ್ಡವರು ಬಂದದ್ದು ಸಂಜೆ ಆರು ಗಂಟೆ ಹತ್ತು ನಿಮಿಷಕ್ಕೆ. ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ದೂರು ಕೊಟ್ಟಾಗಿತ್ತು.

"'ಉದ್ಘಾಟನೆಗೂ ಮುನ್ನ ತಂಗುದಾಣವನ್ನು ಅನಧಿಕೃತವಾಗಿ ಬಳಸಿರುತ್ತೀರಿ' ಅಂತೆ," ಅಕ್ಕ ಫೋನಿನಲ್ಲಿ ನಕ್ಕಿದ್ದಳು. "ಕೆಲಸದಿಂದ ಯಾಕೆ ತೆಗೀಬಾರದು ಅಂತ ಹದಿನೈದು ದಿನದೊಳಗೆ ಹೇಳ್ಬೇಕಂತೆ." ಆ ನಗು ಮನಸ್ಸಿನಿಂದ ಬಂದದ್ದಲ್ಲ ಎಂದು ತಮ್ಮನಿಗೆ ತಿಳಿಯಿತು.

ಹೀಗಿರುವಾಗ ಬುಧವಾರ ಇಲಾಖೆಯ ಪ್ರಚಾರಾಧಿಕಾರಿ ಮೆಟ್ಟಿಲು ಹತ್ತಿ ಬಂದು, ಏದುಸಿರು ಬಿಡುತ್ತ ಒಂದು ಹಾರ್ಡ್ ಡಿಸ್ಕನ್ನು ಮೇಜಿನ ಮೇಲಿಟ್ಟರು. ಪ್ರಚಾರಾಧಿಕಾರಿಗಳ ತಲೆಯಲ್ಲಿ ಕೂದಲಿಗಿಂತ ಮೇಲಧಿಕಾರಿಗಳ ಭಯವೇ ಹೆಚ್ಚು.

"ತಂಗುದಾಣದ ಉದ್ಘಾಟನೆದು. ಆರು ನಿಮಿಷದ ಫಿಲ್ಮು, ಮೇಲಿನ ಕಚೇರಿಗೆ ಹೋಗ್ಬೇಕು. ಕಟ್ ಮಾಡಿ ತಂದಿದ್ದೀವಿ, ಬಣ್ಣ ಮಾತ್ರ ಹೊಂದ್ತಾ ಇಲ್ಲ. ಒಂದ್ ಕಡೆ ಹಳದಿ, ಒಂದ್ ಕಡೆ ಬಿಳಿ. ನೋಡಿದವರಿಗೆ ಕಾರ್ಯಕ್ರಮ ಇಡೀ ದಿನ ನಡೀತೇನೋ ಅನ್ಸತ್ತೆ."

"ಇಡೀ ದಿನ ನಡೀತಲ್ವಾ ಸರ್?" ಎಂದ ತೇಪೆ.

"ವರದಿಯಲ್ಲಿ ಹತ್ತರಿಂದ ಹತ್ತೂವರೆ ಅಂತಿದೆ," ಎಂದರು ಅವರು, ಅಲ್ಲಿಗೆ ಸೂರ್ಯನ ಬಾಯಿ ಮುಚ್ಚಿಸಿದಂತೆ. "ಕೊನೇಲಿ ಒಂದು ತುಣುಕು ಬೇರೆ ಇದೆ. ಯಾರೋ ಟೀಚರಮ್ಮ ಮಕ್ಕಳನ್ನ ಮೊದಲೇ ಒಳಗೆ ಕೂರಿಸಿಬಿಟ್ಟಿದ್ದಾರೆ. ಅದು ವಿಚಾರಣೆಗೆ ಸಾಕ್ಷಿ. ಅದಕ್ಕೂ ಹತ್ತು ಗಂಟೆ ಬೆಳಕೇ ಬರೋ ಹಾಗೆ ಮಾಡಿ, ಫಿಲ್ಮಿಗೂ ಅದಕ್ಕೂ ತಾಳೆ ಆಗ್ಬೇಕಲ್ಲ."

'ಆ ಟೀಚರಮ್ಮ ನಮ್ಮಕ್ಕ' ಎಂಬ ಮಾತು ತೇಪೆಯ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡ. ಹೇಳಿದ್ದರೆ ಡಿಸ್ಕು ಇನ್ನೊಬ್ಬನ ಮೇಜಿಗೆ ಹೋಗುತ್ತಿತ್ತು, ಅಷ್ಟೆ. ಆಗಲಿ ಸರ್ ಎಂದು ಗೋಣು ಹಾಕಿದ.

ಅವರು ಇಳಿದು ಹೋದ ಮೇಲೆ ಕೂತು ನೋಡಿದ. ಕ್ಯಾಮೆರಾದವನು ಬೆಳಿಗ್ಗೆ ಹತ್ತಕ್ಕೆ ಒಂದು ಬಿಳಿ ಕಾಗದ ಹಿಡಿದು ಇದೇ ಬಿಳಿ ಎಂದು ಕ್ಯಾಮೆರಾಕ್ಕೆ ಪಾಠ ಹೇಳಿದ್ದ. ಆಮೇಲೆ ದಿನವಿಡೀ ಆ ಕಡೆ ತಲೆ ಹಾಕಿರಲಿಲ್ಲ. ಹಾಗಾಗಿ ಬೆಳಕು ಎಲ್ಲೆಲ್ಲಿ ಬದಲಾಯಿತೋ ಅಲ್ಲೆಲ್ಲ ಬಣ್ಣವೂ ತಪ್ಪಿತ್ತು. ಬೆಳಗಿನ ಸಾಲಿನಲ್ಲಿ ಮಕ್ಕಳು ಬಾವುಟ ಹಿಡಿದು ಒಬ್ಬರನ್ನೊಬ್ಬರು ತಳ್ಳಾಡುತ್ತಿದ್ದವು. ಹನ್ನೆರಡರ ಹೊತ್ತಿಗೆ ತಳ್ಳಾಟ ನಿಂತಿತ್ತು. ಒಂದೂವರೆಯದರಲ್ಲಿ ಬಿಸಿಲು ನೆತ್ತಿಯಿಂದ ನೇರ ಬಿದ್ದು, ಹುಬ್ಬಿನ ಕೆಳಗೆ ಕಣ್ಣುಗಳೇ ಕಾಣುತ್ತಿರಲಿಲ್ಲ. ಮೂರನೆಯ ಸಾಲಿನಲ್ಲಿ ಎರಡು ಜಡೆಯ ಒಂದು ಪುಟ್ಟ ಹುಡುಗಿ ನಿಂತಲ್ಲೇ ವಾಲಿತು. ಪಕ್ಕದಿಂದ ಒಂದು ಕೈ ಚಾಚಿ ಬಂದು ಅದನ್ನು ಹಿಡಿದುಕೊಂಡಿತು. ಕೈ ಮಾತ್ರ ಚೌಕಟ್ಟಿನೊಳಗಿತ್ತು, ಆದರೂ ಯಾರದೆಂದು ತಮ್ಮನಿಗೆ ಹೇಳಿಕೊಡಬೇಕೇ. ಅಲ್ಲಿಂದ ಮುಂದಿನದೇ ಆ ತುಣುಕು.

ಅದನ್ನು ಬೆಳಗಿನ ಹತ್ತರ ಎಳೆಬಿಸಿಲಿಗೆ ತಿದ್ದಿಟ್ಟರೆ ಏನಾಗುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ತಂಪು ಹೊತ್ತಿನಲ್ಲಿ, ಬಂದ ಹತ್ತು ನಿಮಿಷಕ್ಕೆ, ಒಬ್ಬ ಸೋಮಾರಿ ಟೀಚರು ಮಕ್ಕಳನ್ನು ಕರೆದುಕೊಂಡು ಹೋಗಿ ರಿಬ್ಬನ್ನಿನ ಹಿಂದೆ ಕೂತಳು. ಅಕ್ಕನ ಹತ್ತೊಂಬತ್ತು ವರ್ಷ ಗಂಟುಮೂಟೆ ಕಟ್ಟುತ್ತದೆ, ಅದೂ ತಮ್ಮನ ಕೈಯಿಂದ. ಎರಡು ದಿನ ಅವನು ಡಿಸ್ಕನ್ನು ಮುಟ್ಟಲಿಲ್ಲ.

ಶುಕ್ರವಾರ ಕೆಲಸ ಎಲ್ಲಿಗೆ ಬಂತೆಂದು ನೋಡಲು ಪ್ರಚಾರಾಧಿಕಾರಿ ಮತ್ತೆ ಬಂದರು. ಹಾಕಿದ್ದು ಕೆಂಪು ಅಂಗಿ. ತೇಪೆ ಪರದೆಯನ್ನು ಕೊಂಚ ಓರೆ ಮಾಡಿಕೊಂಡ.

"ಇದು ಬೆಳಿಗ್ಗೆ ಬೆಳಕು ಸರ್," ಎಂದು ಮಾದರಿಗೊಂದು ಚೂರು ತಿದ್ದಿ ತೋರಿಸಿದ. ದೊಡ್ಡವರು ರಿಬ್ಬನ್ ಕತ್ತರಿಸುವ ದೃಶ್ಯ. ಸಂಜೆಯ ಕಿತ್ತಳೆಯನ್ನೆಲ್ಲ ಹಿಂಡಿ ತೆಗೆದಿದ್ದರಿಂದ ಅವರ ಮುಖ ಬಿಳುಚಿಕೊಂಡಿತ್ತು.

ಪ್ರಚಾರಾಧಿಕಾರಿಯ ಮುಖವೂ ಬಿಳುಚಿಕೊಂಡಿತು. "ಏನ್ರೀ ಇದು, ಆಸ್ಪತ್ರೆಯಿಂದ ಎದ್ದು ಬಂದ ಹಾಗಿದೆ. ಮೊದಲು ಹೇಗಿತ್ತು, ತೋರ್ಸಿ." ತೇಪೆ ತೋರಿಸಿದ. ಮುಳುಗುವ ಸೂರ್ಯ ಎದುರಿನಿಂದ ಬಿದ್ದು ದೊಡ್ಡವರ ಕೆನ್ನೆ ಹೊಳೆಯುತ್ತಿತ್ತು. "ನೋಡಿ, ಏನು ಕಳೆ! ಇದನ್ನ ಮುಟ್ಬೇಡಿ. ಉಳಿದದ್ದನ್ನೆಲ್ಲ ಇದಕ್ಕೆ ಹೊಂದಿಸಿ."

"ಅದು ಸಂಜೆ ಬೆಳಕು ಸರ್. ಎಲ್ಲಾ ಸಂಜೆ ಆಗ್ಬಿಡತ್ತೆ."

"ಬೆಳಕಿಗೆ ಯಾಕ್ರೀ ಹೆಸರಿಡ್ತೀರಿ? ದೊಡ್ಡವರ ಮುಖ ಚೆನ್ನಾಗಿ ಬಂದ್ರೆ ಆಯ್ತು."

ತೇಪೆಯ ತಲೆಯಲ್ಲಿ ಏನೋ ಹೊಳೆಯಿತು. ಎಲ್ಲವೂ ಸಂಜೆಯಾದರೆ ಅಕ್ಕನ ತುಣುಕೂ ಸಂಜೆಯದೇ. ರಿಬ್ಬನ್ ಕತ್ತರಿಸಿದ ಹೊತ್ತಿನದೇ ಬೆಳಕು, ಅದೇ ಬಣ್ಣ. ಇನ್ನು ಆ ಕೆಂಪು ರಿಬ್ಬನ್ನೊಂದನ್ನು ಚೌಕಟ್ಟಿನಿಂದ ಆಚೆ ಸರಿಸಿಬಿಟ್ಟರೆ ಮಕ್ಕಳು ಉದ್ಘಾಟನೆ ಮುಗಿದ ಮೇಲೆ ಕೂತ ಹಾಗೆ ಕಾಣುತ್ತದೆ. ಮೊದಲೇ ಕೂತರು ಎನ್ನುವವನು ಯಾರು, ಸಾಕ್ಷಿಯೇ ಇಲ್ಲವೆನ್ನುತ್ತದಲ್ಲ. "ನೀವು ಹೇಳಿದ ಹಾಗೇ ಮಾಡೋಣ ಸರ್," ಎಂದ, ಇಷ್ಟು ವಿನಯವಾಗಿ ಅವನು ಯಾರಿಗೂ ಹೇಳಿದ್ದಿಲ್ಲ.

ಮುಂದಿನ ನಾಲ್ಕು ದಿನ ಅವನು ಮಾಡಿದ ಕೆಲಸ ಇದೆಯಲ್ಲ, ಅದನ್ನು ಕಲಿಯುವವರು ಬಂದು ನೋಡಬೇಕಿತ್ತು. ಮಕ್ಕಳ ಬಿಳಿ ಅಂಗಿಗಳೇ ಅವನಿಗೆ ದಾರಿ ತೋರಿಸಿದವು: ದೊಡ್ಡವರ ಪಕ್ಕ ನಿಂತ ಮಗುವಿನ ಅಂಗಿ ಎಷ್ಟು ಕಿತ್ತಳೆಯೋ, ಮಧ್ಯಾಹ್ನದ ಅಂಗಿಗಳನ್ನೂ ಅಷ್ಟೇ ಕಿತ್ತಳೆಗೆ ತಂದ. ನೆತ್ತಿಯ ಬಿಸಿಲಿನ ಝಳವನ್ನು ತಗ್ಗಿಸಿದ. ಹುಬ್ಬಿನ ಕೆಳಗಿನ ಕತ್ತಲನ್ನು ಒಂದೊಂದೇ ಮುಖಕ್ಕೆ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು, ಮೆಲ್ಲಗೆ ಎತ್ತಿದ. ನೆರಳು ಮಾತ್ರ ಯಾವ ಬಣ್ಣಕ್ಕೂ ಬಗ್ಗದ ಜಾತಿ. ಮಧ್ಯಾಹ್ನದ ನೆರಳು ಕಾಲಬುಡದಲ್ಲೇ ಮುದುಡಿ ಕೂತಿರುತ್ತದೆ. ಅದಕ್ಕೆ ಎಲ್ಲರನ್ನೂ ಸೊಂಟದಿಂದ ಮೇಲಕ್ಕೆ ಕತ್ತರಿಸಿದ. ಹೋಗುತ್ತ ಹೋಗುತ್ತ ರಿಬ್ಬನ್ನೂ ಹೋಯಿತು. ವಾಲಿದ ಆ ಹುಡುಗಿಯ ಮುಖಕ್ಕೆ ಬಂಗಾರದ ಬಣ್ಣ ಬಂದು, ಸಂತೋಷ ತಡೆಯಲಾರದೆ ಟೀಚರ ಕೈಗೆ ಒರಗಿದಂತೆ ಕಂಡಿತು. ಅದನ್ನು ನೋಡಿ ತೇಪೆ ಒಂದು ಕ್ಷಣ ಮೌಸಿನಿಂದ ಕೈ ತೆಗೆದ. ಅಕ್ಕನಿಗಾಗಿ ತಾನೇ ಎಂದು ಸಮಾಧಾನ ಮಾಡಿಕೊಂಡ.

ಪ್ರಚಾರಾಧಿಕಾರಿ ನೋಡಿ ಕುರ್ಚಿಯಿಂದ ಎದ್ದೇಬಿಟ್ಟರು. ಅದರಲ್ಲೂ ಆ ಕೊನೆಯ ತುಣುಕು! ಹೊನ್ನಿನ ಬೆಳಕಿನಲ್ಲಿ ಅರವತ್ತೆರಡು ಮಕ್ಕಳು ಹೊಸ ತಂಗುದಾಣದೊಳಗೆ ನೀರು ಕುಡಿಯುತ್ತ ಕೂತಿವೆ. "ಇದನ್ನ ಫಿಲ್ಮಿನ ಕೊನೆಗೇ ಹಾಕಿ. ಉದ್ಘಾಟನೆ ಆಯ್ತು, ಮಕ್ಕಳು ನೆರಳಲ್ಲಿ ಕೂತ್ರು. ಇದಕ್ಕಿಂತ ಇನ್ನೇನು ಬೇಕು?"

"ಅದು ವಿಚಾರಣೆದು ಅಂದಿದ್ರಿ?"

"ನೋಟಿಸು ತಾನೇ? ಕೊಟ್ಟವರಿಗೆ ವಾಪಸ್ ತಗೊಳ್ಳೋಕೂ ಬರತ್ತೆ," ಎಂದು ಅವರು ಡಿಸ್ಕನ್ನು ಎದೆಗವಚಿಕೊಂಡು ಇಳಿದು ಹೋದರು.

ಮೇಲಿನ ಕಚೇರಿಯಲ್ಲಿ ಫಿಲ್ಮು ಎಲ್ಲರಿಗೂ ಹಿಡಿಸಿತು. ದೊಡ್ಡವರು ತಮ್ಮ ಮುಖ ಬಂದಲ್ಲೆಲ್ಲ ಎರಡೆರಡು ಸಲ ನೋಡಿದರಂತೆ. ಒಬ್ಬ ಗುಮಾಸ್ತರು ಮಾತ್ರ, ಊರಿಗೊಬ್ಬರು ಇಂಥವರು ಇರುತ್ತಾರೆ, ಕಡತ ತಿರುವಿ, "ವರದಿಯಲ್ಲಿ ಬೆಳಿಗ್ಗೆ ಹತ್ತು ಅಂತಿದೆಯಲ್ಲ, ಇಲ್ಲಿ ಸಂಜೆ ಇದೆ" ಎಂದರು. ಫಿಲ್ಮನ್ನು ತಿದ್ದಿದರೆ ಮುಖದ ಕಳೆ ಹೋಗುತ್ತದೆ. ತಿದ್ದಲು ಇನ್ನು ಉಳಿದದ್ದು ವರದಿ. ಮಾರನೆಯ ದಿನವೇ ಆದೇಶ ಹೊರಟಿತು: ಆಮಂತ್ರಣ ಪತ್ರಿಕೆ ಮತ್ತು ವರದಿಯಲ್ಲಿ 'ಬೆಳಿಗ್ಗೆ ಹತ್ತು ಗಂಟೆ' ಎಂದಿರುವುದನ್ನು 'ಸಂಜೆ ಆರು ಗಂಟೆ' ಎಂದು ತಿದ್ದಿ ಓದಿಕೊಳ್ಳತಕ್ಕದ್ದು. ದೊಡ್ಡವರು ಹತ್ತೇ ನಿಮಿಷ ತಡ, ಅದೂ ಜನರ ಪ್ರೀತಿ ದಾರಿಯಲ್ಲಿ ತಡೆದದ್ದಕ್ಕೆ. ಅಕ್ಕನ ಮೇಲಿನ ನೋಟಿಸು ವಾಪಸಾಯಿತು.

ಸುದ್ದಿ ಕೇಳಿದ ತೇಪೆ ನೆಲದ ಮೇಲೆ ನಿಲ್ಲಲಿಲ್ಲ. ಸಿಹಿ ಪೊಟ್ಟಣ ಕಟ್ಟಿಸಿಕೊಂಡು ಸೀದಾ ಅಕ್ಕನ ಮನೆಗೆ ಓಡಿದ. ಭಾವ ಬಾಗಿಲು ತೆರೆದು ಒಳಗೆ ಕೈ ತೋರಿಸಿದರು. ಅಕ್ಕ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತಿದ್ದಳು. ಒಲೆಯ ಮೇಲೆ ಹಾಲು ಉಕ್ಕಿ ಸುರಿದು, ಯಾರೂ ಒರೆಸಿರಲಿಲ್ಲ.

"ನೋಟಿಸು ವಾಪಸ್ ಬಂತಲ್ಲಕ್ಕ?"

"ಬಂತು. ಜೊತೆಗೆ ಇನ್ನೊಂದು ಬಂತು. ಓದು."

ಅವನು ಓದಿದ. ಸಂಜೆ ಆರು ಗಂಟೆಯ ಕಾರ್ಯಕ್ರಮಕ್ಕೆ ಸದರಿ ಶಿಕ್ಷಕಿಯು ಬೆಳಿಗ್ಗೆ ಒಂಬತ್ತೂವರೆಗೇ ಮಕ್ಕಳನ್ನು ಶಾಲೆಯಿಂದ ಹೊರಡಿಸಿರುವುದು ಹಾಜರಿ ಪುಸ್ತಕದಿಂದ ತಿಳಿದುಬರುತ್ತದೆ. ಉದ್ಘಾಟನೆಯ ನಂತರವಷ್ಟೇ ಮಕ್ಕಳು ನೆರಳಿನಲ್ಲಿ ಕುಳಿತಿರುವುದು ವಿಡಿಯೊದಲ್ಲಿ ಸ್ಪಷ್ಟವಿದೆ. ಹೀಗಾಗಿ ಅರವತ್ತೆರಡು ಮಕ್ಕಳನ್ನು ಎಂಟು ಗಂಟೆ ಕಾಲ ವಿನಾಕಾರಣ ಬಿಸಿಲಿನಲ್ಲಿ ನಿಲ್ಲಿಸಿದ ಅಮಾನವೀಯ ವರ್ತನೆಗಾಗಿ ಇವರನ್ನು ಕೆಲಸದಿಂದ ಯಾಕೆ ತೆಗೆಯಬಾರದು.

ಸಿಹಿ ಪೊಟ್ಟಣ ಅವನ ಕೈಯಲ್ಲೇ ಉಳಿಯಿತು. ತಡೆಯಲಾಗದೆ ಎಲ್ಲವನ್ನೂ ಹೇಳಿದ: ಡಿಸ್ಕು ತನ್ನ ಮೇಜಿಗೆ ಬಂದದ್ದು, ಮಧ್ಯಾಹ್ನವನ್ನು ಸಂಜೆ ಮಾಡಿದ್ದು, ರಿಬ್ಬನ್ ಕತ್ತರಿಸಿ ಬಿಸಾಕಿದ್ದು.

"ನಿನ್ನ ಕೈಕೆಲಸಾನಾ ಇದು?" ಅಕ್ಕ ಬೈಯಲಿಲ್ಲ, ಅದೇ ಅವನಿಗೆ ಹೆಚ್ಚು ಚುಚ್ಚಿತು. "ಮೊದಲ್ನೇ ನೋಟಿಸು ಬಂದಾಗ ಕೆಲಸ ಹೋಗತ್ತೆ ಅಂತ ಭಯ ಆಗಿತ್ತು ಕಣೋ. ಆದ್ರೆ ನಿದ್ದೆ ಬರ್ತಿತ್ತು. ಅದರಲ್ಲಿ ಬರೆದಿದ್ದದ್ದು ನಾನು ಮಾಡಿದ್ದನ್ನೇ. ಈಗ ಇದನ್ನ ಆ ಮಕ್ಕಳ ಅಪ್ಪ ಅಮ್ಮ ಓದ್ತಾರೆ. ಬಿಸಿಲಲ್ಲಿ ನಿಲ್ಲಿಸಿದವಳು ನಾನಂತೆ. ನಾನು." ಸೆರಗಿನಿಂದ ಕಣ್ಣೊರೆಸಿಕೊಂಡು, ಉಕ್ಕಿದ ಹಾಲನ್ನು ಒರೆಸತೊಡಗಿದಳು. ತಮ್ಮನಿಗೆ ಅಳು ಬಂತು. ಜೊತೆಗೆ ತನ್ನ ಮೇಲೆ ಇನ್ನಿಲ್ಲದ ಸಿಟ್ಟೂ ಬಂತು.

ವಿಚಾರಣೆಯ ದಿನ ಅವನು ಲ್ಯಾಪ್‌ಟಾಪು ಕಂಕುಳಲ್ಲಿ ಇಟ್ಟುಕೊಂಡು ಅಕ್ಕನ ಹಿಂದೆಯೇ ಒಳಗೆ ನುಗ್ಗಿದ. ವಿಚಾರಣಾಧಿಕಾರಿಗೆ ನಿವೃತ್ತಿಗೆ ಏಳು ತಿಂಗಳಿತ್ತು. ಹಾಗಾಗಿ ಯಾರಿಗೂ ಹೆದರುತ್ತಿರಲಿಲ್ಲ, ಯಾರಿಗೂ ಉಪಕಾರವನ್ನೂ ಮಾಡುತ್ತಿರಲಿಲ್ಲ. ಕನ್ನಡಕವನ್ನು ಹಣೆಯ ಮೇಲಿಂದ ಕೆಳಗಿಳಿಸಿ, "ನೀವ್ಯಾರು?" ಎಂದರು.

"ಆ ವಿಡಿಯೊ ಬಣ್ಣ ತಿದ್ದಿದವನು ಸರ್. ಇವರ ತಮ್ಮ."

ಪ್ರಚಾರಾಧಿಕಾರಿ ಒಂದು ಮೂಲೆಯಲ್ಲಿ ಕೂತಿದ್ದವರು ಗಂಟಲು ಸರಿಮಾಡಿಕೊಂಡರು. ತೇಪೆ ಅತ್ತ ತಿರುಗಲಿಲ್ಲ. ಎರಡು ಜಡೆಯ ಹುಡುಗಿ ಟೀಚರ ಕೈಗೆ ಒರಗಿದ ದೃಶ್ಯ ತೆರೆದಿಟ್ಟ. ಹೊನ್ನಿನ ಸಂಜೆ. ತನ್ನ ತಿದ್ದುಪಡಿಗಳನ್ನೆಲ್ಲ ಒಟ್ಟಿಗೆ ತೆಗೆದುಹಾಕುವ ಗುಂಡಿಯೊಂದನ್ನು ಒತ್ತಿದ. ಚೌಕಟ್ಟು ಅಗಲವಾಯಿತು, ರಿಬ್ಬನ್ನು ಬಂತು, ಕಾಲಬುಡದ ಕುಳ್ಳ ನೆರಳುಗಳು ಬಂದವು. ಕಣ್ಣು ಕುಕ್ಕುವ ಬಿಳಿ ಬಿಸಿಲಿನಲ್ಲಿ ಆ ಮಗುವಿನ ತುಟಿ ಒಣಗಿ ಬಿರಿದಿತ್ತು.

"ಇನ್ನೊಂದ್ಸಲ ಒತ್ತಿ," ಎಂದರು ವಿಚಾರಣಾಧಿಕಾರಿ. ಒತ್ತಿದ. ಸಂಜೆ. "ಮತ್ತೆ." ಮಧ್ಯಾಹ್ನ. ಐದಾರು ಸಲ ಒತ್ತಿಸಿದರು. ಆಮೇಲೆ ಪೆನ್ನು ಕೆಳಗಿಟ್ಟರು.

"ಯಾವುದ್ರೀ ನಿಜ?"

"ನಾನು ಕೈ ಹಾಕದೇ ಇರೋದು ಸರ್. ಬರೆದುಕೊಡ್ತೀನಿ, ಸಹಿ ಹಾಕ್ತೀನಿ."

"ಹಾಕಿದ್ರೆ ಈ ಇಲಾಖೆ ಕೆಲಸ ನಿಮಗೆ ಮತ್ತೆ ಸಿಗಲ್ಲ."

"ಬೇಡ ಸರ್."

ವಿಚಾರಣಾಧಿಕಾರಿ ಅಕ್ಕನ ಕಡೆ ತಿರುಗಿದರು. "ನೋಡಿಮ್ಮ, ಇದನ್ನ ದಾಖಲೆಗೆ ತಗೊಂಡ್ರೆ ಎರಡನೇ ಆರೋಪ ಬಿದ್ದುಹೋಗತ್ತೆ. ಆದ್ರೆ ಮೊದಲ್ನೇದು ಎದ್ದು ಕೂರತ್ತೆ. ರಿಬ್ಬನ್ ದಾಟಿಸಿದ್ದು ಇದರ ಮುಂದಿನ ತುಣುಕಲ್ಲೇ ಕಣ್ಣಿಗೆ ಕಾಣತ್ತೆ, ನನ್ನ ಕೈಲಿ ಇಲ್ಲ ಅನ್ನೋಕಾಗಲ್ಲ. ತಗೊಳ್ಳದೇ ಇದ್ರೆ ಎರಡನೇದು. ಎರಡರಲ್ಲೂ ಶಿಕ್ಷೆ ತಪ್ಪಲ್ಲ. ಯಾವುದು ಬೇಕು, ನೀವೇ ಹೇಳಿ."

"ಮೊದಲ್ನೇದು ಸರ್," ಎಂದಳು ಅಕ್ಕ, ತಡಮಾಡದೆ. "ಅದು ನಾನು ಮಾಡಿದ್ದು."

ಪ್ರಚಾರಾಧಿಕಾರಿ ಅರ್ಧ ಎದ್ದು, "ಹಾಗಾದ್ರೆ ಉದ್ಘಾಟನೆ ಸಮಯ ಎಷ್ಟು ಅಂತ ಬರೀತೀರಿ ಸರ್?" ಎಂದು ಗೋಗರೆದರು. ವಿಚಾರಣಾಧಿಕಾರಿ ಅಡ್ಡಗೋಡೆಯ ಮೇಲೆ ದೀಪವಿಟ್ಟರು: "ದೊಡ್ಡವರು ಬಂದ ಸಮಯಕ್ಕೆ, ಅಂತ."

ಮೂರು ವಾರದ ಮೇಲೆ ಆದೇಶ ಬಂತು. ಕೆಲಸ ಉಳಿದಿತ್ತು, ಆದರೆ ಶಿಕ್ಷೆಯೆಂದು ಎರಡು ಬಸ್ಸು ಬದಲಿಸಿ ಹೋಗಬೇಕಾದ ಒಂದು ಶಾಲೆಗೆ ವರ್ಗ ಮಾಡಿದ್ದರು. ತೇಪೆಯ ಹೆಸರು ಇಲಾಖೆಯ ಪಟ್ಟಿಯಿಂದ ಹೋಗಿತ್ತು. ಫಿಲ್ಮು ಮಾತ್ರ ಮೇಲಿನ ಕಚೇರಿಯ ಹಜಾರದಲ್ಲಿ ದಿನವಿಡೀ ಓಡುತ್ತಲೇ ಇತ್ತು. ವರ್ಗದ ಸುದ್ದಿ ಕೇಳಿ ಭಾವ ತಲೆ ಚಚ್ಚಿಕೊಂಡರು. ಅಕ್ಕ ಕನ್ನಡಕ ಹುಡುಕಿದಳು, ಸಿಗಲಿಲ್ಲ, ಕಾಗದವನ್ನು ತಮ್ಮನ ಕೈಗೆ ಕೊಟ್ಟಳು.

ಅವನು ಓದಿದ: "ಸದರಿ ಶಿಕ್ಷಕಿಯು ಮಧ್ಯಾಹ್ನ ಎರಡು ಗಂಟೆಗೆ, ಯಾರ ಅನುಮತಿಯನ್ನೂ ಪಡೆಯದೆ, ರಿಬ್ಬನ್ನನ್ನು ಮೇಲೆತ್ತಿ ಹಿಡಿದು, ಅರವತ್ತೆರಡು ಮಕ್ಕಳನ್ನು ಒಳಗೆ ಬಿಟ್ಟು, ನಾಲ್ಕು ಗಂಟೆ ಕಾಲ ನೆರಳಿನಲ್ಲಿ ಕೂರಿಸಿ ನೀರು ಕುಡಿಸಿರುವುದು ಸಂದೇಹಕ್ಕೆ ಎಡೆಯಿಲ್ಲದಂತೆ ರುಜುವಾತಾಗಿದೆ."

ಅಕ್ಕ ನೇರವಾಗಿ ಕೂತು ಕೇಳಿದಳು. ತರಗತಿಯಲ್ಲಿ ಮಗುವೊಂದು ಪಾಠವನ್ನು ತಪ್ಪಿಲ್ಲದೆ ಒಪ್ಪಿಸಿದಾಗ ಬರುವ ತೃಪ್ತಿ ಅವಳ ಮುಖದಲ್ಲಿತ್ತು.

"ಇನ್ನೊಂದ್ಸಲ ಓದು," ಎಂದಳು. "ಸ್ವಲ್ಪ ಗಟ್ಟಿಯಾಗಿ, ನಿಮ್ಮ ಭಾವನಿಗೂ ಕೇಳ್ಲಿ."